ಹಾಕು, ಸಾಕು

ದೀಪಾವಳಿ ಪಾಡ್ಯದ ರಾತ್ರಿ. ತಿಕೋಟಾ ಹತ್ತಿರದ ನಮ್ಮ ತವರುಮನೆಯ ಪಡಸಾಲೆ. ಕಂಬಳಿ ಹಾಸಿ, ನಡುವೆ ಒಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ನಾಲ್ಕು ಜನ ಕುಳಿತಿದ್ದೆವು. ಡಬ್ಬಿ ತುಂಬ ಮಣೂಕ, ಅಂದರೆ ಒಣದ್ರಾಕ್ಷಿ. ನಮ್ಮದೇ ತೋಟದ್ದು, ಹೋದ ಮಾರ್ಚ್‌ನಲ್ಲಿ ಒಣಗಿಸಿದ್ದು. ಆ ರಾತ್ರಿ ಅದೇ ನಮ್ಮ ದುಡ್ಡು. ತಲೆಗೆ ಐವತ್ತರಂತೆ ಎಣಿಸಿ ಕೊಟ್ಟೆ. ಅಣ್ಣನ ಮಗಳು ಆಟ ಶುರುವಾಗುವ ಮೊದಲೇ ಆರು ತಿಂದಿದ್ದಳು. ಅವಳಿಗೆ ಮತ್ತೆ ಆರು ಕೊಡಬೇಕಾಯಿತು.

ಇಸ್ಪೀಟು ನಮ್ಮ ಮನೆಗೆ ಹೊಸದೇನಲ್ಲ. ದೀಪಾವಳಿಗೆ ರಮ್ಮಿ ಆಡುವುದು ನಾನು ಹುಟ್ಟುವ ಮೊದಲಿನಿಂದ ಇದೆ. ಅಪ್ಪನಿಗೆ ಈಗ ಎಪ್ಪತ್ತನಾಲ್ಕು. ಯಾರು ಯಾವ ಎಲೆ ಎತ್ತಿದರು, ಯಾವುದನ್ನು ಬಿಟ್ಟರು ಎಂದು ಆಟ ಮುಗಿಯುವವರೆಗೂ ನೆನಪಿಡುತ್ತಾರೆ. ಆದರೆ ಈ ಸಲ ಆಡಿದ್ದು ಬ್ಲ್ಯಾಕ್‌ಜ್ಯಾಕ್. ಅದನ್ನು ಮನೆಗೆ ತಂದವನು ಅಣ್ಣನ ಮಗ.

ಅವನು ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ಡಿಸೆಂಬರಿನಲ್ಲಿ ಗೆಳೆಯರೆಲ್ಲ ಸೇರಿ ಗೋವಾಕ್ಕೆ ಹೋಗುತ್ತಾರಂತೆ. ಪಣಜಿಯಲ್ಲಿ ಮಾಂಡವಿ ನದಿಯ ಮೇಲೆ ನಿಂತಿರುವ ಕ್ಯಾಸಿನೊ ಹಡಗಿಗೂ, ಅಂದರೆ ದುಡ್ಡಿಟ್ಟು ಜೂಜಾಡುವ ಹಡಗಿಗೂ, ಒಂದು ರಾತ್ರಿ ಹೋಗುವ ಯೋಚನೆ. ಹಬ್ಬಕ್ಕೆ ಎರಡು ವಾರ ಮೊದಲು ನನಗೆ ಫೋನ್ ಮಾಡಿದ್ದ. "ಅತ್ತಿ, ನೀ ಲೆಕ್ಕ ಹೇಳಾಕಿ. ಈ ಆಟದ ಲೆಕ್ಕ ನನಗ ಒಂದಿಷ್ಟು ತಿಳಿಸಿ ಹೇಳು" ಎಂದ. ಅಣ್ಣನಿಗೆ ಗೊತ್ತಾಗಿ ಬೈದ. ವೈನಿ ಮಾತೇ ಆಡಲಿಲ್ಲ. ನಾನು ಹೇಳಿಕೊಡುತ್ತೇನೆ ಎಂದೆ. ಹೋಗುವವನು ಹೇಗೂ ಹೋಗುತ್ತಾನೆ. ಏನೂ ಗೊತ್ತಿಲ್ಲದೆ ಆ ಮೇಜಿನ ಮುಂದೆ ಕೂರುವುದಕ್ಕಿಂತ ಎಲ್ಲ ಗೊತ್ತಿದ್ದು ಕೂರಲಿ. ವಿಜಯಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಸಂಭವನೀಯತೆಯ ಪಾಠ ಹೊಸದಲ್ಲ. ಆದರೆ ಈ ಆಟ ಹೊಸದು. ಎರಡು ವಾರ ರಾತ್ರಿ ಊಟವಾದ ಮೇಲೆ ಕುಳಿತು ಕಲಿತೆ.

ಕಾನೂನಿನ ಮಾತು ಮೊದಲು ಹೇಳಿಬಿಡುತ್ತೇನೆ. ನಮ್ಮಲ್ಲಿ ದುಡ್ಡು ಕಟ್ಟಿಸಿ ಇಂಥ ಆಟ ಆಡಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ ಅಪರಾಧ. ಗೋವಾದಲ್ಲಿ 1976ರ ಜೂಜಿನ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದರು. ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಕ್ಕೂ, ನೀರಿನ ಮೇಲಿನ ಹಡಗುಗಳಲ್ಲಿ ಮನುಷ್ಯರೇ ಎಲೆ ಹಂಚುವ ಆಟಕ್ಕೂ ದಾರಿ ಮಾಡಿಕೊಟ್ಟರು. ಹಡಗು ಏಕೆ ಎಂದು ಅಪ್ಪ ಕೇಳಿದ್ದಕ್ಕೆ ಉತ್ತರ ಇದೇ. ಮೊಬೈಲಿನಲ್ಲಿ ದುಡ್ಡಿಟ್ಟು ಆಡುವ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು. ಅದು ಆಗಲೇಬೇಕಿತ್ತು. ಸಂಬಳ ಬಂದ ವಾರದಲ್ಲೇ ಮೊಬೈಲ್ ರಮ್ಮಿಗೆ ಕಳೆದುಕೊಂಡು ಮನೆಯಲ್ಲಿ ಸುಳ್ಳು ಹೇಳುತ್ತಿದ್ದ ಹುಡುಗರನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಈಗ ಆಟ. ರಮ್ಮಿಯಲ್ಲಿ ಸುತ್ತ ಕುಳಿತವರೆಲ್ಲ ನಮ್ಮ ಎದುರಾಳಿಗಳು. ಇಲ್ಲಿ ಎದುರಾಳಿ ಒಬ್ಬನೇ, ಎಲೆ ಹಂಚುವ ಡೀಲರ್. ಕೈಯ ಎಲೆಗಳ ಮೊತ್ತ 21 ದಾಟದೆ ಅವನಿಗಿಂತ ಹೆಚ್ಚಿದ್ದರೆ ನಾವು ಗೆದ್ದಂತೆ. ಪಕ್ಕದಲ್ಲಿ ಐದು ಜನ ಕುಳಿತಿದ್ದರೂ ನಮಗೂ ಅವರಿಗೂ ಲೆಕ್ಕವಿಲ್ಲ. ಎರಡರಿಂದ ಹತ್ತರವರೆಗಿನ ಎಲೆಗೆ ಅದರ ಮೇಲಿರುವಷ್ಟೇ ಬೆಲೆ. ಗುಲಾಮ, ರಾಣಿ, ರಾಜ ಮೂವರಿಗೂ ಹತ್ತು. ಎಕ್ಕ ಒಂದೂ ಆಗಬಹುದು, ಹನ್ನೊಂದೂ ಆಗಬಹುದು. ನಮಗೆ ಯಾವುದು ಅನುಕೂಲವೋ ಅದು. ಇಸ್ಪೀಟು, ಆಟೀನು ಎಂಬ ಜಾತಿಗೆ ಇಲ್ಲಿ ಬೆಲೆಯೇ ಇಲ್ಲ.

ಮೊದಲು ಎಲ್ಲರಿಗೂ ಎರಡೆರಡು ಎಲೆ. ಡೀಲರ್ ತನ್ನ ಎರಡರಲ್ಲಿ ಒಂದನ್ನು ತೆರೆದು ಇಡುತ್ತಾನೆ, ಒಂದನ್ನು ಮುಚ್ಚಿ ಇಡುತ್ತಾನೆ. ಆಮೇಲೆ ನಮ್ಮ ಸರದಿ. ಇನ್ನೊಂದು ಎಲೆ ಬೇಕಾದರೆ ಕೇಳಬಹುದು, ಸಾಕಾದರೆ ನಿಲ್ಲಬಹುದು. ಕೈಯ ಮೊತ್ತ 21 ದಾಟಿತೋ, ಸತ್ತೆವು. ಕಟ್ಟಿದ ಪಣ ಅಲ್ಲೇ ಹೋಯಿತು. ಎಕ್ಕದ ಜತೆ ಹತ್ತರ ಬೆಲೆಯ ಎಲೆ ಮೊದಲ ಎರಡರಲ್ಲೇ ಬಂದರೆ ಅದೇ ಬ್ಲ್ಯಾಕ್‌ಜ್ಯಾಕ್. ಸುಮಾರು 21 ಕೈಗೆ ಒಂದು ಸಲ ಬರುತ್ತದೆ. 100 ಕಟ್ಟಿದ್ದರೆ 150 ಸಿಗಬೇಕು. ಕೆಲವು ಮೇಜುಗಳಲ್ಲಿ 120 ಮಾತ್ರ ಕೊಡುತ್ತಾರೆ. ಮೇಜಿನ ಬಟ್ಟೆಯ ಮೇಲೇ 3:2 ಅಥವಾ 6:5 ಎಂದು ಬರೆದಿರುತ್ತದೆ. 6:5 ಎಂದಿದ್ದರೆ ಕೂರಲೇಬೇಡ ಎಂದು ಹುಡುಗನಿಗೆ ಹೇಳಿದೆ. ಗೆದ್ದಾಗ ಕೈಗೆ ಬರಬೇಕಾದ ದುಡ್ಡನ್ನೇ ಅಲ್ಲಿ ಕಡಿಮೆ ಮಾಡಿರುತ್ತಾರೆ.

ಕ್ಯಾಸಿನೊದಲ್ಲಿ ಬಾಯಿಂದ ಹೇಳಿದರೆ ನಡೆಯುವುದಿಲ್ಲ, ಕೈಸನ್ನೆ ಮಾಡಬೇಕು. ಎಲೆ ಬೇಕಾದರೆ ಬೆರಳಿಂದ ಮೇಜು ತಟ್ಟುವುದು, ಸಾಕಾದರೆ ಅಂಗೈ ಆಡಿಸುವುದು. ಮೇಲಿನ ಕ್ಯಾಮೆರಾದಲ್ಲಿ ಅದು ದಾಖಲಾಗಬೇಕು. ನಮ್ಮ ಕಂಬಳಿಯ ಮೇಲೆ ಕ್ಯಾಮೆರಾ ಇರಲಿಲ್ಲ. ಹಾಗಾಗಿ ಎರಡೇ ಮಾತು ಇಟ್ಟುಕೊಂಡೆವು: ಹಾಕು, ಸಾಕು. ಹತ್ತು ನಿಮಿಷದಲ್ಲಿ ಚಿಕ್ಕವಳಿಗೂ ಆಟ ಬಂತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಡೀಲರನ ನಿಯಮ. ಅವನಿಗೆ ಸ್ವಂತ ಬುದ್ಧಿ ಓಡಿಸುವ ಅವಕಾಶವೇ ಇಲ್ಲ. 16 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲೆ ಎಳೆಯಲೇಬೇಕು. 17 ಮುಟ್ಟಿದರೆ ನಿಲ್ಲಲೇಬೇಕು. ಎಕ್ಕವನ್ನು ಹನ್ನೊಂದೆಂದು ಎಣಿಸಿ 17 ಆದಾಗ ಮಾತ್ರ ಕೆಲವು ಕಡೆ ಇನ್ನೊಂದು ಎಲೆ ತೆಗೆಯುತ್ತಾರೆ. ಅವನಿಗೆ ಹೆದರಿಕೆ ಇಲ್ಲ, ಆಸೆ ಇಲ್ಲ, ನಮ್ಮ ಮುಖ ನೋಡಿ ಊಹಿಸುವ ಗೋಜೂ ಇಲ್ಲ. ಹಾಗಿದ್ದರೆ ಬುದ್ಧಿ ಇರುವ ನಾವು ಗೆಲ್ಲಬೇಕಿತ್ತಲ್ವಾ? ಅಪ್ಪನೂ ಇದನ್ನೇ ಕೇಳಿದರು. "ಅಂವಗ ಮನಸ ಇಲ್ಲಂದ ಮ್ಯಾಲ ಅಂವ ಹೆಂಗ ಗೆಲ್ತಾನ?"

ಉತ್ತರ ಒಂದೇ ಜಾಗದಲ್ಲಿದೆ. ನಾವು ಮೊದಲು ಆಡಬೇಕು. ನಾವು 21 ದಾಟಿದ ಕೂಡಲೇ ನಮ್ಮ ಪಣ ಎತ್ತಿಕೊಳ್ಳುತ್ತಾರೆ. ಆಮೇಲೆ ಡೀಲರ್ ಕೂಡ ದಾಟಿದರೆ ನಮಗೆ ವಾಪಸ್ ಕೊಡುವುದಿಲ್ಲ. ಡೀಲರ್ ಸುಮಾರು ನೂರರಲ್ಲಿ 28 ಸಲ ದಾಟುತ್ತಾನೆ. ನಾವೂ ಅವನ ಹಾಗೇ 17ರವರೆಗೆ ಎಳೆಯುತ್ತ ಹೋದರೆ ನಾವೂ ಅಷ್ಟೇ ಸಲ ದಾಟುತ್ತೇವೆ. ಇಬ್ಬರೂ ದಾಟುವ ಕೈಗಳು ನೂರಕ್ಕೆ ಎಂಟರಷ್ಟು. ಆ ಎಂಟೂ ಕ್ಯಾಸಿನೊದವರ ಪಾಲು. ಅಷ್ಟು ದೊಡ್ಡ ಹಡಗು, ಅಷ್ಟು ದೀಪ, ಎಲ್ಲ ನಿಂತಿರುವುದು ಸರದಿಯ ಮೇಲೆ. ಇದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಮೋಸ ಎಲ್ಲೂ ಇಲ್ಲ. ನಿಯಮ ಎಲ್ಲರ ಕಣ್ಣೆದುರಿಗೇ ಇದೆ. ಆದರೂ ನೂರರಲ್ಲಿ ತೊಂಬತ್ತು ಜನ ಅದನ್ನು ಗಮನಿಸದೆ ಎದ್ದು ಬರುತ್ತಾರೆ ಎಂದು ನನಗನಿಸುತ್ತದೆ.

ಈ ಲೆಕ್ಕವನ್ನು ಮೊದಲು ಪೂರ್ತಿಯಾಗಿ ಮಾಡಿದವರು ಜೂಜುಕೋರರಲ್ಲ. ಅಮೆರಿಕದ ಮೇರಿಲ್ಯಾಂಡಿನ ಅಬರ್ಡೀನ್ ಸೇನಾ ನೆಲೆಯಲ್ಲಿದ್ದ ನಾಲ್ಕು ಜನ ಸೈನಿಕರು: ರೋಜರ್ ಬಾಲ್ಡ್ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮ್ಯಾಕ್‌ಡರ್ಮಟ್. ಕಂಪ್ಯೂಟರ್ ಇಲ್ಲ. ಮೇಜಿನ ಮೇಲಿಡುವ ಲೆಕ್ಕದ ಯಂತ್ರ ಹಿಡಿದು, ನಮ್ಮ ಕೈ ಇಷ್ಟಿದ್ದಾಗ ಡೀಲರನ ತೆರೆದ ಎಲೆ ಇದಾಗಿದ್ದರೆ ಏನು ಮಾಡಬೇಕು ಎಂದು ಒಂದೊಂದಾಗಿ ಲೆಕ್ಕ ಹಾಕಿದರು. 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂದಿಗೂ ಜನ ಕಲಿಯುವ ಕೋಷ್ಟಕದ ಬುಡ ಅದೇ. ಅದರ ಪ್ರಕಾರ ಆಡಿದರೆ, ಮೇಜಿನ ನಿಯಮ ಚೆನ್ನಾಗಿದ್ದರೆ, ಕ್ಯಾಸಿನೊದವರ ಲಾಭ ನೂರಕ್ಕೆ ಅರ್ಧ ರೂಪಾಯಿಯ ಹತ್ತಿರಕ್ಕೆ ಇಳಿಯುತ್ತದೆ. ಆ ನಾಲ್ವರ ಬಗ್ಗೆ ನನಗೆ ತುಂಬ ಗೌರವ. ಸರಿಯಾದ ಉತ್ತರ ಎಷ್ಟೇ ಉದ್ದವಿದ್ದರೂ ಕುಳಿತು ಮಾಡಿದರಲ್ಲ, ಅದಕ್ಕೆ.

"ಬರೇ ಅರ್ಧ ರೂಪಾಯಿ?" ಎಂದು ಹುಡುಗ ಕಣ್ಣರಳಿಸಿದ. ಹಾಗೆ ನೋಡಬಾರದು. ಕೈಗೆ ಸಾವಿರದಂತೆ ಗಂಟೆಗೆ 60 ಕೈ ಆಡಿದರೆ 60,000 ರೂಪಾಯಿ ಮೇಜಿನ ಮೇಲೆ ಓಡಾಡಿದ ಹಾಗೆ. ಸರಾಸರಿ 300 ಹೋಗುತ್ತದೆ. ಆದರೆ ಅದು ಬರೀ ಸರಾಸರಿ. ಒಂದು ಗಂಟೆಯಲ್ಲಿ ಹತ್ತು ಸಾವಿರ ಬಂದು ಹೋಗುವುದೂ ಇದೆ, ಬರೀ ಹೋಗುವುದೂ ಇದೆ. ಎಲೆ ಎಣಿಸುವುದನ್ನೂ, ಅಂದರೆ ಹೊರಬಿದ್ದ ಎಲೆಗಳ ಲೆಕ್ಕ ಇಟ್ಟು ಮುಂದೆ ಬರುವುದನ್ನು ಅಂದಾಜಿಸುವುದನ್ನೂ, ಕಲಿಸು ಎಂದ. 1960ರ ಆಸುಪಾಸಿನಲ್ಲಿ ಎಡ್ವರ್ಡ್ ಥಾರ್ಪ್ ಎಂಬ ಗಣಿತದ ಮೇಷ್ಟ್ರು ಐಬಿಎಂ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿ ತೋರಿಸಿದ ವಿದ್ಯೆ ಅದು. ಕಲಿಸುವುದಿಲ್ಲ ಎಂದೆ. ಆರೋ ಎಂಟೋ ಕಟ್ಟು ಕಲಸಿ ಇಟ್ಟ ಎಲೆಗಳು, ಸುತ್ತ ಗದ್ದಲ. ಒಂದೇ ರಾತ್ರಿಗೆ ಹೋಗುವವನಿಗೆ ಅದು ಬರೀ ಧೈರ್ಯ ಕೊಡುತ್ತದೆ. ಇಲ್ಲಿ ಅಪಾಯ ಇರುವುದೇ ಧೈರ್ಯದಲ್ಲಿ.

ಉಳಿದ ನಿಯಮಗಳು ಬೇಗ ಮುಗಿದವು. ಕೈ 11 ಇದ್ದರೆ ಪಣ ಇಮ್ಮಡಿ ಮಾಡಿ ಒಂದೇ ಎಲೆ ತಗೊಳ್ಳಬಹುದು. ಒಂದೇ ಬೆಲೆಯ ಎರಡು ಎಲೆ ಬಂದರೆ ಇನ್ನೊಂದು ಪಣ ಇಟ್ಟು ಎರಡು ಕೈ ಮಾಡಬಹುದು. ಎಂಟರ ಜೋಡಿ, ಎಕ್ಕದ ಜೋಡಿ ಯಾವಾಗಲೂ ಬೇರೆ ಮಾಡಬೇಕು. ಹತ್ತರ ಜೋಡಿಯನ್ನು ಮುಟ್ಟಬಾರದು. 20 ಕೈಯಲ್ಲಿದೆ, ಇನ್ನೇನು ಬೇಕು?

ಇನ್ಶೂರೆನ್ಸ್ ಎಂಬ ಮಾತು ಬಂದಾಗ ಅಪ್ಪ ಮುಂದೆ ಬಾಗಿದರು. ದ್ರಾಕ್ಷಿ ಬೆಳೆಯುವವರಿಗೆ ಆ ಪದ ಕಿವಿಗೆ ಬಿದ್ದರೆ ಸಾಕು. ಡೀಲರನ ತೆರೆದ ಎಲೆ ಎಕ್ಕವಾದರೆ, ನಮ್ಮ ಪಣದ ಅರ್ಧ ಬೇರೆ ಇಡುತ್ತೀರಾ ಎಂದು ಕೇಳುತ್ತಾರೆ. ಮುಚ್ಚಿದ ಎಲೆ ಹತ್ತರದ್ದಾಗಿದ್ದರೆ ಅದರ ಎರಡರಷ್ಟು ಕೊಡುತ್ತಾರೆ. ಕೇಳಲು ಬೆಳೆ ವಿಮೆಯ ಹಾಗೇ ಇದೆ. ಆದರೆ ಬೆಳೆ ವಿಮೆ ನಮ್ಮ ಬೆಳೆಗೆ ಮಾಡಿದ್ದು. ಇದು ನಮ್ಮ ಕೈಗೆ ಸಂಬಂಧವೇ ಇಲ್ಲದ ಇನ್ನೊಂದು ಜೂಜು. ಸರಿಹೋಗಬೇಕಾದರೆ ಮೂರರಲ್ಲಿ ಒಂದು ಸಲ ಹತ್ತು ಇರಬೇಕು. 52 ಎಲೆಯಲ್ಲಿ ಹತ್ತರ ಬೆಲೆಯವು 16. ಮೂರರಲ್ಲಿ ಒಂದಕ್ಕಿಂತ ಕಡಿಮೆ. ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿ, "ಹೆಸರು ಮಾತ್ರ ಚಂದ ಇಟ್ಟಾರ" ಎಂದರು. ಆ ರಾತ್ರಿ ಒಂದು ಸಲವೂ ಅವರು ಇನ್ಶೂರೆನ್ಸ್ ಇಡಲಿಲ್ಲ.

ಆದರೆ ಅಪ್ಪ ಸೋಲುತ್ತಲೇ ಹೋದರು.

ಮೊದಮೊದಲು ನಾನು ಗಮನಿಸಲಿಲ್ಲ. ಡೀಲರ್ ನಾನೇ. ನಾಲ್ಕು ಕೈ ನೋಡುತ್ತ, ಮಣೂಕ ಕೊಡುತ್ತ ತೆಗೆದುಕೊಳ್ಳುತ್ತ ಇದ್ದೆ. ಆಮೇಲೆ ಕಂಡಿತು. 21 ದಾಟುವ ಸಾಧ್ಯತೆ ಒಂದು ಚೂರು ಇದ್ದರೂ ಅಪ್ಪ ಎಲೆ ಕೇಳುತ್ತಿರಲಿಲ್ಲ. 12 ಆದರೂ ಸಾಕು, 13 ಆದರೂ ಸಾಕು. ನನ್ನೆದುರಿಗೆ ಆರು ಬಿದ್ದಿದ್ದಾಗ ಅದು ಸರಿಯೇ. ಆರು ತೋರಿಸಿದ ಡೀಲರ್ ನೂರರಲ್ಲಿ 42 ಸಲ ತಾನೇ ದಾಟಿ ಸಾಯುತ್ತಾನೆ. ಅವನು ಸಾಯಲಿ ಎಂದು ಕಾಯಬಹುದು. ಆದರೆ ನನ್ನ ಮುಂದೆ ರಾಜನೋ ರಾಣಿಯೋ ತೆರೆದಿದ್ದಾಗಲೂ ಅಪ್ಪ 12ಕ್ಕೆ ಸಾಕು ಎನ್ನುತ್ತಿದ್ದರು. ಹತ್ತು ತೋರಿಸಿದ ಡೀಲರ್ ದಾಟುವುದು ಐದರಲ್ಲಿ ಒಂದು ಸಲ, ಸ್ವಲ್ಪ ಜಾಸ್ತಿ ಅಷ್ಟೇ. ಅಂದರೆ 12ಕ್ಕೆ ನಿಂತವನು ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಸಲ ಸುಮ್ನೆ ಸೋಲುತ್ತಾನೆ. ಎಲೆ ಕೇಳಿದರೆ? ಹದಿಮೂರು ಬಗೆಯ ಎಲೆಗಳಲ್ಲಿ ನಾಲ್ಕು ಮಾತ್ರ ಕೊಲ್ಲುತ್ತವೆ. ಒಂಬತ್ತು ಕೊಲ್ಲುವುದಿಲ್ಲ. 100 ರೂಪಾಯಿ ಪಣಕ್ಕೆ ನಿಂತರೆ ಸರಾಸರಿ 54 ಹೋಗುತ್ತದೆ, ಕೇಳಿದರೆ 38. ಎರಡೂ ನಷ್ಟವೇ. ಆದರೆ 16 ರೂಪಾಯಿ ಹೆದರಿಕೆಗೆ ಕೊಟ್ಟದ್ದು.

ಅಪ್ಪ ಹೆದರುವ ಮನುಷ್ಯ ಅಲ್ಲ. ಆಗಿರಲಿಲ್ಲ.

2014ರ ಮಾರ್ಚ್‌ನಲ್ಲಿ ನಮ್ಮ ತೋಟ ಕೊಯ್ಲಿಗೆ ಬಂದಿತ್ತು. ಮಣೂಕ ಮಾಡುವವರಿಗೆ ಹಣ್ಣಿನ ಸಕ್ಕರೆಯೇ ಎಲ್ಲ. ಸಕ್ಕರೆ ಚೆನ್ನಾಗಿದ್ದರೆ ನಾಲ್ಕು ಕೆ.ಜಿ. ಹಣ್ಣಿಗೆ ಒಂದು ಕೆ.ಜಿ. ಮಣೂಕ ಇಳಿಯುತ್ತದೆ. ಬೇಗ ಕೊಯ್ದರೆ ಐದು ಕೆ.ಜಿ.ಗೆ ಒಂದು, ಅದೂ ತೆಳ್ಳಗೆ, ಬಣ್ಣ ಇಲ್ಲದ್ದು. ಮಹಾರಾಷ್ಟ್ರದ ತಾಸಗಾಂವ ಮಾರ್ಕೆಟ್ಟಿನಲ್ಲಿ ಅಂಥ ಮಾಲಿಗೆ ದರ ಸಿಗುವುದಿಲ್ಲ. ಪಕ್ಕದ ತೋಟದವರು ಕೊಯ್ಯುತ್ತಿದ್ದರು. ಅಪ್ಪ ಮೀಟರಿನಲ್ಲಿ ಸಕ್ಕರೆ ನೋಡಿ ಇನ್ನೂ ನಾಲ್ಕು ದಿನ ಬೇಕು ಎಂದರು. ಆಕಾಶ ಸ್ವಚ್ಛವಾಗಿತ್ತು. ಮೂರನೇ ದಿನ ಮಧ್ಯಾಹ್ನ ಗಾಳಿ ಎದ್ದಿತು. ಆಮೇಲೆ ಆಲಿಕಲ್ಲು ಮಳೆ. ಆ ವರ್ಷ ಉತ್ತರ ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ ಅಂಥ ಮಳೆ ಬಿದ್ದು ಎಷ್ಟೋ ತೋಟ ಹೋದವು. ನಾನು ಮರುದಿನ ಬಂದಾಗ ಬಳ್ಳಿಯ ಕೆಳಗೆ ಎಲೆ, ಕಾಯಿ, ಕೆಸರು ಒಂದಾಗಿತ್ತು. ಬಳ್ಳಿಯಲ್ಲಿ ಉಳಿದ ಗೊನೆಗಳಲ್ಲಿ ಹಣ್ಣು ಸೀಳಿ ರಸ ಸೋರುತ್ತಿತ್ತು. ಇಡೀ ತೋಟದಲ್ಲಿ ಹುಳಿಯ ವಾಸನೆ. ಅಪ್ಪ ಒಂದು ಕಂಬ ಹಿಡಿದು ನಿಂತಿದ್ದರು. "ನಾನಽ ಕೆಡಿಸಿದೆ" ಎಂದರು. ಆ ಮೇಲೆ ಅದರ ಬಗ್ಗೆ ಅವರು ಮಾತಾಡಿದ್ದನ್ನು ನಾನು ಕೇಳಿಲ್ಲ.

ಅಂದಿನಿಂದ ಪ್ರತಿ ವರ್ಷ ಬೇಗ ಕೊಯ್ಯುತ್ತಾರೆ. ಅಣ್ಣ ಇನ್ನೊಂದು ವಾರ ಬಿಡೋಣ ಎಂದರೆ ಅಪ್ಪ ಒಪ್ಪುವುದಿಲ್ಲ. ಮಳೆ ಬಾರದ ವರ್ಷಗಳೇ ಜಾಸ್ತಿ. ಪ್ರತಿ ವರ್ಷ ಮಣೂಕ ಸ್ವಲ್ಪ ಕಡಿಮೆ ಇಳಿಯುತ್ತದೆ, ದರ ಸ್ವಲ್ಪ ಕಡಿಮೆ ಸಿಗುತ್ತದೆ. ಯಾವ ವರ್ಷವೂ ಕಣ್ಣಿಗೆ ಹೊಡೆಯುವ ನಷ್ಟವಲ್ಲ. ಹಾಗಾಗಿ ಯಾರೂ ಲೆಕ್ಕ ಇಟ್ಟಿಲ್ಲ. ನಾನೂ ಇಟ್ಟಿರಲಿಲ್ಲ. ಆ ರಾತ್ರಿ ಅವರು ಐದೂ ಏಳೂ ಎಲೆ ಹಿಡಿದು, ನನ್ನ ಮುಂದಿನ ರಾಜನನ್ನು ನೋಡಿ, ತುಟಿ ಬಿಗಿದು ಸಾಕು ಎಂದಾಗ ನನ್ನ ಕೈಯಲ್ಲಿದ್ದ ಕಟ್ಟು ಹಾಗೇ ನಿಂತಿತು.

ಮೋಡ ಎಲೆಯ ಕಟ್ಟಲ್ಲ. ಅದು ನನಗೂ ಗೊತ್ತು. ಎಲೆ ಎಷ್ಟಿವೆ ಎಂದು ಎಣಿಸಬಹುದು, ಆಲಿಕಲ್ಲನ್ನು ಎಣಿಸಲಾಗದು. ತೋಟಕ್ಕೆ ಒಂದು ಕೋಷ್ಟಕ ಮಾಡಿಕೊಡುವ ಸೈನಿಕರು ಯಾರೂ ಇಲ್ಲ. ಆದರೆ ಒಂದು ಮಾತು ಎರಡಕ್ಕೂ ಸೇರುತ್ತದೆ ಎಂದು ನನಗೆ ಬಲವಾಗಿ ಅನಿಸಿತು. ಅದನ್ನು ಅಪ್ಪನಿಗೆ ಹೇಗೆ ಹೇಳುವುದು ಎಂದು ರಾತ್ರಿಯೆಲ್ಲ ಯೋಚಿಸಿದೆ.

ಮರುದಿನ ಸೋದರ ಬಿದಿಗೆ. ಅಣ್ಣನಿಗೆ ಆರತಿ ಮಾಡಿ, ಊಟ ಮುಗಿಸಿ, ಸಂಜೆ ಮತ್ತೆ ಕಂಬಳಿ ಹಾಸಿದೆವು. ಈ ಸಲ ಅಣ್ಣನೂ ಬಂದು ಕುಳಿತ. ಮೊದಲು 16ರ ಕೈ ಹೇಳಿಕೊಟ್ಟೆ. ಆಟದಲ್ಲೇ ಕೆಟ್ಟ ಕೈ ಅದು. ಎದುರಿಗೆ ಹತ್ತು ಇದ್ದಾಗ ಕೇಳಿದರೂ 54 ರೂಪಾಯಿ ಹೋಗುತ್ತದೆ, ನಿಂತರೂ 54 ಹೋಗುತ್ತದೆ. ವ್ಯತ್ಯಾಸ ಒಂದು ರೂಪಾಯಿಯೂ ಇಲ್ಲ. ಅರ್ಧ ಪಣ ಬಿಟ್ಟುಕೊಟ್ಟು ಎದ್ದುಬಿಡಲು ಆ ಮೇಜಿನಲ್ಲಿ ಅವಕಾಶವಿದ್ದರೆ ಅದೇ ಒಳ್ಳೆಯದು, 50 ಮಾತ್ರ ಹೋಗುತ್ತದೆ. ಗೆಲ್ಲುವ ದಾರಿ ಅಲ್ಲಿಲ್ಲ. ಆಮೇಲೆ 12ರ ಕೈ. ಒಂಬತ್ತು ಎಲೆ ಒಂದು ಕಡೆ, ನಾಲ್ಕು ಎಲೆ ಒಂದು ಕಡೆ ಕಂಬಳಿಯ ಮೇಲೆ ತೆರೆದು ಇಟ್ಟೆ. ಕೊಲ್ಲುವವು ಇವು, ಕೊಲ್ಲದವು ಇವು.

ಅಪ್ಪ ಬಹಳ ಹೊತ್ತು ನೋಡಿದರು. ನಾಲ್ಕರ ಸಾಲಿನಲ್ಲಿದ್ದ ರಾಜನನ್ನು ಬೆರಳಿಂದ ಮುಟ್ಟಿದರು.

"ಎಲಿ ಕೇಳ್ದಾಂವಗ ಇದಽ ಬಂತು ಅನ್ನು. ಸತ್ತ. ಆಗೂ ಕೇಳಿದ್ದು ತಪ್ಪಲ್ಲಾ?"

"ತಪ್ಪಲ್ಲ ಅಪ್ಪಾ. ಕೇಳಿದ್ದು ಸರಿ. ಬಂದ ಎಲಿ ಕೆಟ್ಟದು, ಅಷ್ಟ."

ಯಾರೂ ಮಾತಾಡಲಿಲ್ಲ. ಹೊರಗೆ ಓಣಿಯಲ್ಲಿ ಹುಡುಗರು ಉಳಿದ ಪಟಾಕಿ ಹಚ್ಚುತ್ತಿದ್ದರು. ಅಪ್ಪ ಮಣೂಕದ ಡಬ್ಬಿಯಲ್ಲಿ ಕೈ ಆಡಿಸುತ್ತ ಕುಳಿತಿದ್ದರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು.

"ಸಕ್ರಿ ಹತ್ತೊಂಬತ್ತ ಇತ್ತು ಆವತ್ತ."

ಹನ್ನೊಂದು ವರ್ಷ ಆ ಅಂಕಿ ಅವರಲ್ಲೇ ಇತ್ತು. ಅಣ್ಣ ತಲೆ ತಗ್ಗಿಸಿದ. "ಹತ್ತೊಂಬತ್ತಕ್ಕ ಯಾರೂ ಕೊಯ್ಯಂಗಿಲ್ಲಪಾ" ಎಂದ, ಮೆಲ್ಲಗೆ.

ನಾನು ಎಲೆ ಕಲಸಿದೆ. ಈ ಸಲದ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆಗಲೇ ಮುಗಿದಿದೆ, ಬಳ್ಳಿ ಚಿಗುರಿದೆ. ಕೊಯ್ಲಿಗೆ ಇನ್ನೂ ನಾಲ್ಕು ತಿಂಗಳು. ಆಗ ಅಪ್ಪ ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ಆದರೆ ಮೂರನೆಯ ಸುತ್ತಿನಲ್ಲಿ ಅವರಿಗೆ ನಾಲ್ಕೂ ಎಂಟೂ ಬಂತು. ನನ್ನ ಮುಂದೆ ಆಟೀನ್ ರಾಣಿ. ಅಪ್ಪ ನನ್ನ ಎಲೆ ನೋಡಿದರು, ತಮ್ಮ ಎಲೆ ನೋಡಿದರು. ಹುಡುಗ ಉಸಿರು ಬಿಗಿಹಿಡಿದಿದ್ದ.

"ಹಾಕು" ಎಂದರು.

ಹಾಕಿದೆ. ಗುಲಾಮ. 22.

ಅಪ್ಪ ತಮ್ಮ ಐದು ಮಣೂಕ ಎಣಿಸಿ ನನ್ನ ಕಡೆ ದೂಡಿದರು. ಉಳಿದವುಗಳಲ್ಲಿ ಮತ್ತೆ ಐದು ತೆಗೆದು ಮುಂದೆ ಇಟ್ಟರು.